ಖಾಲಿ ಕ್ಲಿಕ್ಕು

ಚರ್ಮದ ಚೀಲದ ಪಟ್ಟಿ ಬಿಚ್ಚಿದ ಕೂಡಲೇ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರಡಿಯಲ್ಲಿ ಸ್ಟುಡಿಯೋದ ಕತ್ತಲೆ ಕೋಣೆಯ ಹುಳಿ ವಾಸನೆ. ಮೊನ್ನೆ ಸೊರಬಕ್ಕೆ ಹೋಗಿದ್ದೆ. ಅಲ್ಲಿ ಮಗಳ ಮನೆಯಲ್ಲಿರುವ ಅತ್ತೆ, ಅಂದರೆ ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಟುಡಿಯೋ ಮಾಮನ ಹೆಂಡತಿ, ಆ ಹಳೆಯ ರೀಲಿನ ಕ್ಯಾಮೆರಾವನ್ನು ನನ್ನ ಮಡಿಲಿಗಿಟ್ಟು, "ನಿನಗೇ ಕೊಡ್ಬೇಕು ಅಂತ ಹೇಳಿ ಹೋದ್ರು ಕಣೇ" ಅಂದರು. ಮಾಮ ಹೋಗಿ ವರ್ಷ ತುಂಬಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಯಾರು ಹೇಳಿದರೋ! ಆ ಕ್ಯಾಮೆರಾ ಕಂಡದ್ದೇ ನನ್ನ ಮೈ ಉರಿದುಹೋಯಿತು.

ಮಾಮ ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಅವರ ಸ್ಟುಡಿಯೋ. ಕಾಲೇಜು ಮುಗಿಸಿ ಅಲ್ಲೇ ಹೋಗಿ ಕೂರುತ್ತಿದ್ದೆ. ರೀಲು ಹಾಕುವುದು, ಬೆಳಕು ನೋಡುವುದು ಎಲ್ಲ ಕಲಿಸಿದ್ದು ಅವರೇ. ಮದುವೆ ಮನೆಯ ಗುಟ್ಟನ್ನೂ ಅವರೇ ಹೇಳಿಕೊಟ್ಟರು. ಊಟದ ಪಂಕ್ತಿಯಲ್ಲಿ ಕೂತವರೆಲ್ಲ "ನಂದೊಂದು, ನಂದೊಂದು" ಅಂತ ಕೈ ಹಿಡಿದು ಜಗ್ಗುತ್ತಿದ್ದರು. ಇಲ್ಲ ಅನ್ನಲು ಮಾಮನಿಗೆ ಬಾಯಿ ಬರುತ್ತಿರಲಿಲ್ಲ, ರೀಲಿನಲ್ಲಿ ಇರುವುದೋ ಮೂವತ್ತಾರೇ ಫೋಟೋ. ಅದಕ್ಕೆ ರೀಲೇ ಹಾಕದ ಇನ್ನೊಂದು ಕ್ಯಾಮೆರಾದಿಂದ ಅವರಿಗೆಲ್ಲ ಫ್ಲ್ಯಾಶ್ ಹೊಡೆದು, "ಬಾಳ ಚೆನ್ನಾಗಿ ಬಂತು" ಅನ್ನುತ್ತಿದ್ದರು. ಒಳಗೆ ರೀಲಿದ್ದರೆ, ಕ್ಲಿಕ್ ಆದ ಮೇಲೆ ಬಲಗಡೆಯ ಕಡ್ಡಿಯನ್ನು ಹೆಬ್ಬೆರಳಿಂದ ಸುತ್ತಿದಾಗ ಎಡಗಡೆಯ ಸಣ್ಣ ಗುಂಡಿಯೂ ತಿರುಗುತ್ತದೆ, ಖಾಲಿಯಿದ್ದರೆ ಅಲ್ಲಾಡುವುದಿಲ್ಲ. ಇದನ್ನು ತೋರಿಸಿಕೊಟ್ಟು ಮಾಮ ನಕ್ಕಿದ್ದರು. ನಾನೂ ಬಿದ್ದು ಬಿದ್ದು ನಕ್ಕಿದ್ದೆ...

ಮುಂದೆ ನನಗೆ ಪ್ಯಾರಾಚೂಟಿನ ಹುಚ್ಚು ಹಿಡಿಯಿತು. ಹೊರಗೆ ಹೋಗಿ ಕಲಿತೆ. ಅಂಜನಾಪುರದ ಕಡೆಯ ಬಯಲಿನಲ್ಲಿ ನಮ್ಮ ತಂಡ ವಿಮಾನದಿಂದ ಜಿಗಿಯುತ್ತದೆ ಅಂತ ಗೊತ್ತಾದಾಗ ಅವ್ವ ಬರುವುದಿಲ್ಲ ಅಂದಳು. "ನೀ ಮೇಲಿಂದ ಬೀಳೋದು ನನ್ ಕಣ್ಣಿಂದ ನೋಡಾಕಾಗಲ್ಲ. ಕಾಲು ನೆಲಕ್ಕೆ ಊರಿದ್ದು ಫೋಟೋ ತಂದು ತೋರ್ಸು, ಸಾಕು." ಅವಳಿಗೆ ಎದೆಯ ಕಾಯಿಲೆ. ಆ ಒಂದು ಫೋಟೋ ನನಗೆ ಬೇಕೇ ಬೇಕಿತ್ತು.

ಆಗಷ್ಟೇ ಮಾಮ ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಅದನ್ನೇ ತನ್ನಿ ಅಂತ ಗೋಗರೆದೆ. ಎಷ್ಟು ಬೇಕಾದರೂ ತೆಗೆಯಬಹುದು, ನಿಂತಲ್ಲೇ ನೋಡಬಹುದು. ಮಾಮ ಒಪ್ಪಲಿಲ್ಲ. "ಅದರಾಗೆ ಬಟನ್ ಒತ್ತೋದೊಂದು ಹೊತ್ತು, ಫೋಟೋ ಬೀಳೋದೊಂದು ಹೊತ್ತು. ಅಷ್ಟರಾಗೆ ನೀನು ಕೆಳಗಿಳಿದು ಚಾ ಕುಡೀತಿರ್ತೀ. ರೀಲೇ ಸೈ!" ಈಗ ಹೆಲ್ಮೆಟ್ಟಿಗೆ ಡಿಜಿಟಲ್ ಕ್ಯಾಮೆರಾ ಬಿಗಿದುಕೊಂಡು ಆಕಾಶದಲ್ಲಿ ಬೇರೆಯವರ ಫೋಟೋ ತೆಗೆಯುವುದೇ ನನ್ನ ಕೆಲಸ. ಈ ಕಸುಬಿನವಳಾಗಿ ಹೇಳುತ್ತೇನೆ, ಅಂದಿನ ಡಿಜಿಟಲ್ ಬಗ್ಗೆ ಅವರಂದದ್ದು ಸುಳ್ಳಲ್ಲ. ಆದರೆ ಆ ಮೂವತ್ತಾರನ್ನು ಯಾರಿಗೆ ಸುರಿಯುತ್ತೀರಿ ಅಂತ ನಾನು ಮೊದಲೇ ಕೇಳಬೇಕಿತ್ತು.

ಯಾರಿಗೆ? ಜಿಗಿತಕ್ಕೂ ಮುಂಚಿನ ಸಭೆಯಲ್ಲಿ ವೇದಿಕೆಯ ಮೇಲಿದ್ದವರಿಗೆ! ಹಾರ, ಶಾಲು, ಹಣ್ಣಿನ ಬುಟ್ಟಿ, ಮತ್ತೆ ಹಾರ. ಫೋಟೋ ಸರಿ ಬಂದಿರಲಿಕ್ಕಿಲ್ಲವೆಂದು ಹಾಕಿದ ಹಾರವನ್ನೇ ತೆಗೆದು ಮತ್ತೆ ಹಾಕಿಸಿಕೊಂಡ ಮಹಾನುಭಾವರೂ ಇದ್ದರಂತೆ. ಮೂವತ್ತಾರೂ ಅಲ್ಲೇ ಮುಗಿದಿದ್ದವು, ಮುಗಿದ ರೀಲನ್ನು ಮಾಮ ಆಗಲೇ ಹೊರಗೆ ತೆಗೆದಿದ್ದರು. ನನಗೇನು ಗೊತ್ತು? ನಾನು ಇಳಿಯುವಾಗ ಮಾಮ ಬಯಲಿನಲ್ಲಿ ನಿಂತು ಕಣ್ಣಿಗೆ ಕ್ಯಾಮೆರಾ ಹಚ್ಚಿದ್ದು ಕಂಡಿತು. ಅವ್ವನಿಗಾಗಿ ಹಲ್ಲು ಕಿಸಿದೆ. ಎಡವದೆ ಕಾಲೂರಿ ನಿಂತೆ. ಮಾಮ ಹತ್ತಿರ ಬಂದು ಇನ್ನೊಂದು ಕ್ಲಿಕ್ ಮಾಡಿ, ಹೆಬ್ಬೆರಳಿಂದ ಸುತ್ತಿದರು. ಎಡಗಡೆಯ ಗುಂಡಿ ಅಲ್ಲಾಡಲಿಲ್ಲ. "ಬಾಳ ಚೆನ್ನಾಗಿ ಬಂತು" ಅಂದರು.

ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡೆ. ನನಗೂ ಹಾಗೆ ಮಾಡುತ್ತಾರೆಯೇ? ವಾರ ಬಿಟ್ಟು ಕೇಳಲು ಹೋದರೆ, "ರೀಲು ತೊಳೆಯೋವಾಗ ಹಾಳಾತವ್ವ" ಅಂದರು.

"ಗುಂಡಿ ತಿರುಗಲಿಲ್ಲ ಮಾಮ" ಅಂದೆ.

ಅವರು ತಲೆ ತಗ್ಗಿಸಿ, ಒರೆಸಿದ ಲೆನ್ಸನ್ನೇ ಒರೆಸುತ್ತ ಕೂತರು. ರೀಲು ಮುಗೀತು ಅಂತ ಬಯಲಲ್ಲೇ ಒಂದು ಮಾತು ಹೇಳಿದ್ದರೆ ಯಾರನ್ನಾದರೂ ಓಡಿಸಿ ಇನ್ನೊಂದು ತರಿಸುತ್ತಿದ್ದೆ, ಪ್ಯಾರಾಚೂಟ್ ಹರವಿಕೊಂಡು ಮತ್ತೆ ನಿಲ್ಲುತ್ತಿದ್ದೆನಲ್ಲ! ಆ ಸ್ಟುಡಿಯೋದ ಮೆಟ್ಟಿಲನ್ನು ಮತ್ತೆ ತುಳಿಯಲಿಲ್ಲ. ಮನೆಯಲ್ಲಿ ಅವ್ವ ಎರಡು ಸಲ ಫೋಟೋ ಕೇಳಿದಳು. ಮೂರನೆಯ ಸಲ, "ಹಾರಿದ್ದು ಖರೇನಾ?" ಅಂದಳು. ನಾನು ಮತ್ತೆ ಜಿಗಿಯುವ ಹೊತ್ತಿಗೆ ಅವಳು ಇರಲಿಲ್ಲ...

ಮೊನ್ನೆ ಅತ್ತೆ ಸೆರಗು ಸರಿಮಾಡಿಕೊಂಡು ಕೂತು, "ಅವ್ರ ಕ್ಯಾಮೆರಾದಾಗೇ ನಂದೊಂದು ತೆಗಿಯೇ" ಅಂದರು. ಹಿಂದಿನ ಮುಚ್ಚಳ ಆಗಲೇ ತೆರೆದು ನೋಡಿದ್ದೆ, ಒಳಗೆ ಏನೂ ಇರಲಿಲ್ಲ. ಹೇಳಬೇಕಿತ್ತು. ಆ ಮುಖ ನೋಡಿ ಇಲ್ಲ ಅನ್ನಲು ನನಗೂ ಬಾಯಿ ಬರಲಿಲ್ಲ. ಕಣ್ಣಿಗೆ ಹಚ್ಚಿ ಒತ್ತಿದೆ. ಟಕ್ ಅಂತು.

"ಚೆನ್ನಾಗಿ ಬಂತೇನೇ?"

"ಬಾಳ ಚೆನ್ನಾಗಿ..." ಅನ್ನುತ್ತಿದ್ದಂತೆ ನಾಲಿಗೆ ಕಚ್ಚಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

"ಇಲ್ಲ ಅತ್ತೆ, ಇದರಾಗೆ ರೀಲಿಲ್ಲ. ತಪ್ಪಾಯ್ತು" ಅಂದು ಫೋನಿನಲ್ಲಿ ತೆಗೆದು, ಅಲ್ಲೇ ಅವರ ಮುಂದೆ ಹಿಡಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ನಾನೇನೇ ಇದು? ಎಷ್ಟು ಬಡವಾಗೀನಿ!" ಅಂತ ನಕ್ಕರು. ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಇಷ್ಟೇ ಮಾಮ, ಇಷ್ಟೇ ಇತ್ತು ಹೇಳಬೇಕಾದ್ದು. ನಿಮ್ಮ ಕ್ಯಾಮೆರಾ ಈಗ ನನ್ನ ಮೇಜಿನ ಮೇಲಿದೆ. ಸಿಟ್ಟು ಇಳಿದಿಲ್ಲ. ಊರವರೆಲ್ಲ ಹಾರಿದ ಫೋಟೋ ನನ್ನ ಹತ್ತಿರ ಸಾವಿರಾರು ಇವೆ, ಅವ್ವ ಕೇಳಿದ್ದೊಂದು ಇಲ್ಲ.