ನೆಟ್ ಹಾಕಿದಾಗ ಫೋನ್ ಮಾಡಬೇಡಿ

ಅತ್ತಿಗೆಯ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟು ವರ್ಷವಾಯಿತಲ್ಲ, ಬಿಟ್ಟುಬಿಡು ಎನ್ನುವವರಿದ್ದಾರೆ. ಅವರಿಗೆ ಯಾರೂ ಬೆನ್ನಿಗೆ ಚೂರಿ ಹಾಕಿಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಹೇಳುತ್ತಾರೆ. ನನಗೆ ಹಾಕಿದವರು ನಾನು ಎಲ್ಲರಿಗಿಂತ ಹೆಚ್ಚು ನಂಬಿದ್ದ ಹೆಂಗಸು. ಅದಕ್ಕೆ ಅವರು ಬಳಸಿದ್ದು ತಮ್ಮ ಮೊಬೈಲ್ ಫೋನನ್ನು.

ಎರಡು ಸಾವಿರದ ಆ ದಶಕ ಮುಗಿಯುತ್ತ ಬಂದಿದ್ದ ಕಾಲ. ಕೃಷ್ಣಮೂರ್ತಿಪುರಂನಲ್ಲಿ ಅಪ್ಪ ಕಟ್ಟಿಸಿದ್ದ ಮನೆಯಲ್ಲಿ ನಾವಿದ್ದದ್ದು ಅಣ್ಣ, ಅತ್ತಿಗೆ, ಅವರ ಪುಟ್ಟ ಮಗಳು ಮತ್ತು ನಾನು. ಅಪ್ಪ ಅಮ್ಮ ಆಗಲೇ ತೀರಿಕೊಂಡಿದ್ದರು. ಅತ್ತಿಗೆ ಸರಸ್ವತಿಪುರಂನ ಒಂದು ಶಾಲೆಯಲ್ಲಿ ಟೀಚರ್. ನಾನು ಬೆಳಗಿನ ಹೊತ್ತು ಒಂದು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ ಮಾಡಿ, ಮಧ್ಯಾಹ್ನ ಮಗುವನ್ನು ಪ್ಲೇ ಹೋಮಿನಿಂದ ಕರೆತಂದು, ಸಂಜೆ ಅತ್ತಿಗೆ ಬರುವವರೆಗೆ ನೋಡಿಕೊಳ್ಳುತ್ತಿದ್ದೆ. ಈ ಕೆಲಸವನ್ನು ನನಗೆ ಯಾರೂ ವಹಿಸಿರಲಿಲ್ಲ. ಹಾಗೇ ಆಗಿಹೋಗಿತ್ತು. ನನಗೂ ಆ ಮಗುವೆಂದರೆ ಪ್ರಾಣ.

ಲ್ಯಾಪ್‌ಟಾಪ್ ನನ್ನದು, ಯಾರೋ ಬಳಸಿ ಮಾರಿದ್ದು. ಅದರಲ್ಲಿ ಟೈಪ್ ಮಾಡಬಹುದಿತ್ತೇ ಹೊರತು ಇಂಟರ್ನೆಟ್ ಇರಲಿಲ್ಲ. ಬ್ರಾಡ್‌ಬ್ಯಾಂಡ್ ಕೇಳಿ ಬಂದಾಗೆಲ್ಲ ನಮ್ಮ ಬೀದಿಗೆ ಇನ್ನೂ ಲೈನ್ ಬಂದಿಲ್ಲ ಎಂಬ ಉತ್ತರ ಸಿಗುತ್ತಿತ್ತು. ಆಗ ಅತ್ತಿಗೆಯ ತಮ್ಮ ಅವರಿಗೊಂದು ಸ್ಮಾರ್ಟ್‌ಫೋನ್ ತಂದುಕೊಟ್ಟ. ಅದರ ಜೊತೆ ಬಂದಿದ್ದ ಸಿ.ಡಿ.ಯನ್ನು ಲ್ಯಾಪ್‌ಟಾಪಿಗೆ ಹಾಕಿ, ಕೇಬಲ್ಲಿನಿಂದ ಫೋನನ್ನು ಅದಕ್ಕೆ ಜೋಡಿಸಿದರೆ ಫೋನೇ ಮೋಡೆಮ್ ಆಗಿಬಿಡುತ್ತಿತ್ತು. ಇದನ್ನು ಕಲಿಯಲು ನಾವಿಬ್ಬರೂ ಒಂದು ಇಡೀ ಭಾನುವಾರ ಒದ್ದಾಡಿದೆವು. ಸಿಗ್ನಲ್ ಸಿಗುತ್ತಿದ್ದದ್ದು ಹಜಾರದ ಕಿಟಕಿಯಲ್ಲಿ ಮಾತ್ರ. ಹಾಗಾಗಿ ಫೋನನ್ನು ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಕೇಬಲ್ ಎಟಕುವಷ್ಟು ದೂರದಲ್ಲಿ ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರುಗಳ ಚಿತ್ರ ಮಿಣುಕಿದರೆ ನೆಟ್ ಬಂದಿದೆ ಎಂದರ್ಥ. ಒಂದು ಪುಟ ತೆರೆಯುವಷ್ಟರಲ್ಲಿ ಹುರುಳಿಕಾಯಿ ಹೆಚ್ಚಿ ಮುಗಿಸಬಹುದಿತ್ತು.

ತೊಂದರೆ ಒಂದೇ. ನಡುವೆ ಯಾರಾದರೂ ಫೋನ್ ಮಾಡಿದರೆ ನೆಟ್ ಕಡಿದುಹೋಗುತ್ತಿತ್ತು. ಅರ್ಧ ಹೋಗಿದ್ದ ಫೈಲನ್ನು ಮತ್ತೆ ಮೊದಲಿನಿಂದ ಕಳಿಸಬೇಕು. ಬಂದ ಫೋನನ್ನು ಎತ್ತದೆ ಕತ್ತರಿಸುವುದು ನಮ್ಮ ಕಡೆ ಆಗದ ಮಾತು. ಹಿರಿಯರು ಫೋನ್ ಮಾಡಿದಾಗ ಎತ್ತದಿದ್ದರೆ ಸೊಕ್ಕು ಎಂದೇ ಲೆಕ್ಕ. ಇದಕ್ಕೆ ಅತ್ತಿಗೆಯೇ ಒಂದು ದಾರಿ ಮಾಡಿದರು. ನನಗೆ ನೆಟ್ ಬೇಕಾದ ದಿನ ಮೊದಲೇ ನಂಜನಗೂಡಿನಲ್ಲಿದ್ದ ತಮ್ಮ ಅಮ್ಮನಿಗೆ, ಅಕ್ಕನಿಗೆ, ಚಾಮರಾಜಪುರಂನ ನನ್ನ ಚಿಕ್ಕಮ್ಮನಿಗೆ, ಕಚೇರಿಯಲ್ಲಿದ್ದ ಅಣ್ಣನಿಗೆ ತಾವೇ ಫೋನ್ ಮಾಡಿ, "ಇಂಥಾ ಹೊತ್ನಲ್ಲಿ ನೆಟ್ ಹಾಕಿರ್ತೀವಿ, ಫೋನ್ ಮಾಡ್ಬೇಡಿ" ಎಂದು ಹೇಳಿಬಿಡುತ್ತಿದ್ದರು. ನಮ್ಮ ಬಳಗದಲ್ಲಿ ಅದೊಂದು ತಮಾಷೆಯಾಗಿತ್ತು. ಚಿಕ್ಕಮ್ಮ ಸಿಕ್ಕಾಗಲೆಲ್ಲ, "ಇವತ್ತು ನೆಟ್ಟೋ, ಮಾತಾಡ್ಬಹುದೋ?" ಎಂದು ಕಿಚಾಯಿಸುತ್ತಿದ್ದರು.

ಆ ವರ್ಷ ಪುಣೆಯ ಒಂದು ಸಂಸ್ಥೆ ಶಾಸನಗಳ ಮೇಲೆ ಸಂಶೋಧನೆ ಮಾಡುವವರಿಗೆ ಫೆಲೋಶಿಪ್ ಕೊಡುವುದಾಗಿ ಪ್ರಕಟಿಸಿತು. ಸಿಕ್ಕಿದರೆ ಪುಣೆಗೇ ಹೋಗಿ ಇರಬೇಕು. ಎಂ.ಎ. ಓದುವಾಗಿನಿಂದ ನಾನು ಕಾಯುತ್ತಿದ್ದದ್ದು ಇಂಥದ್ದಕ್ಕೇ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತಿತ್ತು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಕಳಿಸಬೇಕು, ಬೇರೆ ದಾರಿ ಇಲ್ಲ. ಮನೆಯಲ್ಲಿ ಹೇಳಿದಾಗ ಅಣ್ಣ "ನೋಡೋಣ" ಎಂದ. ನಮ್ಮ ಮನೆಯಲ್ಲಿ ಎದುರಿಗೆ ಬೇಡ ಎನ್ನುವ ಅಭ್ಯಾಸ ಯಾರಿಗೂ ಇಲ್ಲ. ಬೇಡದ್ದಕ್ಕೆಲ್ಲ ನೋಡೋಣ ಎನ್ನುತ್ತೇವೆ. ಆದರೆ ಅತ್ತಿಗೆ ನೋಡೋಣ ಎನ್ನಲಿಲ್ಲ. "ನಿಂಗೆ ಸಿಗದೆ ಇನ್ಯಾರಿಗೆ ಸಿಗುತ್ತೆ" ಎಂದು ನನ್ನ ಬೆನ್ನು ತಟ್ಟಿದರು. ನಾನು ಅಣ್ಣನ ಮಾತನ್ನು ಮರೆತು ಇವರ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನನ್ನ ಮೇಷ್ಟರ ಶಿಫಾರಸು ಪತ್ರ ಕೈಗೆ ಬಂದದ್ದೇ ಶುಕ್ರವಾರ. ಶನಿವಾರ ಸಂಜೆ ಐದಕ್ಕೆ ಅರ್ಜಿಯ ಕೊನೆಯ ಗಳಿಗೆ. ಆ ದಿನ ರಿಪೇರಿಗೆಂದು ನಮ್ಮ ಬಡಾವಣೆಯಲ್ಲಿ ಸಂಜೆಯವರೆಗೆ ಕರೆಂಟ್ ತೆಗೆದಿದ್ದರು. ಹತ್ತಿರದ ಬ್ರೌಸಿಂಗ್ ಸೆಂಟರಿನ ಬಾಗಿಲು ಹಾಕಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗ ಅತ್ತಿಗೆ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುತ್ತಿದ್ದರು. "ಮೂರು ಗಂಟೆ ಮೇಲೆ" ಎಂಬುದಷ್ಟು ಕಿವಿಗೆ ಬಿತ್ತು. ಎಂಥಾ ಅತ್ತಿಗೆ ಎಂದು ನನ್ನ ಕಣ್ಣು ತುಂಬಿ ಬಂದಿತ್ತು.

ಮಧ್ಯಾಹ್ನ ಮಗುವನ್ನು ಮಲಗಿಸಿ ಕಿಟಕಿಯ ಹತ್ತಿರ ಕೂತೆ. ಶನಿವಾರ ಅರ್ಧ ದಿನದ ಶಾಲೆಯಾದ್ದರಿಂದ ಅತ್ತಿಗೆಯೂ ಮನೆಯಲ್ಲಿದ್ದರು. ಸ್ಕ್ಯಾನ್ ಮಾಡಿಸಿಟ್ಟಿದ್ದ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಕಳಿಸತೊಡಗಿದೆ. ಮೊದಲನೆಯದು ಮುಗಿಯುವ ಮೊದಲೇ ಫೋನ್ ರಿಂಗಾಯಿತು. ಅತ್ತಿಗೆಯ ಅಮ್ಮ. "ಊಟ ಆಯ್ತಮ್ಮ, ನಿಂದು?" ಎಂದು ಅತ್ತಿಗೆ ಮಾತಾಡಿ ಇಟ್ಟರು. ಮತ್ತೆ ಮೊದಲಿನಿಂದ ಕಳಿಸಲು ಹಿಡಿದೆ. ಈಗ ಅವರ ಅಕ್ಕ. ಆಮೇಲೆ ನಮ್ಮ ಚಿಕ್ಕಮ್ಮ. ಆಮೇಲೆ ಮತ್ತೆ ನಂಜನಗೂಡು. ಒಂದು ಸಲ ಅಣ್ಣನೂ ಮಾಡಿದ, ಬರುವಾಗ ಹಾಲು ತರಬೇಕಾ ಎಂದು ಕೇಳಿದ. ಎಂದೂ ಆ ಹೊತ್ತಿನಲ್ಲಿ ಹಾಲಿನ ಯೋಚನೆ ಮಾಡದ ಮನುಷ್ಯ.

"ಅತ್ತಿಗೆ, ಎಲ್ಲರಿಗೂ ಹೇಳಿದ್ರಿ ತಾನೇ?" ಎಂದೆ.

"ಹೇಳಿದೀನಿ ಕಣೆ. ಮರ್ತುಬುಟ್ರು ಅಂತ ಕಾಣುತ್ತೆ."

"ನಾನು ಆಟೋ ಹಿಡ್ದು ಸರಸ್ವತಿಪುರಕ್ಕೆ ಹೋಗ್ಬುಡ್ತೀನಿ. ಅಲ್ಲಿ ಬ್ರೌಸಿಂಗ್ ಸೆಂಟರ್ ತೆಗ್ದಿರುತ್ತೆ."

ನಾನು ಪೇಪರುಗಳನ್ನು ಎತ್ತಿಕೊಂಡು ಎದ್ದೂ ಆಗಿತ್ತು. ಅತ್ತಿಗೆ ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. "ಅಲ್ಲಿ ಹೋಗಿ ಮತ್ತೆ ಮೊದ್ಲಿಂದ ಶುರು ಮಾಡ್ತೀಯಾ? ಇಲ್ಲೇ ಆಗುತ್ತೆ ಬುಡು. ಇನ್ನೊಂದ್ಸಲ ನೋಡು" ಎಂದರು. ನಾನು ಕೂತೆ. ಇನ್ನೊಂದು ಸಲ ನೋಡಿದೆ. ಮತ್ತೂ ಒಂದು ಸಲ ನೋಡಿದೆ. ಐದು ಗಂಟೆಗೆ ಆ ಪುಟ ಅರ್ಜಿಯ ಅವಧಿ ಮುಗಿದಿದೆ ಎಂದು ತೋರಿಸಿತು. ನಾನು ಅತ್ತೆ. ಅತ್ತಿಗೆ ನನ್ನನ್ನು ತಬ್ಬಿಕೊಂಡು ತಾವೂ ಅತ್ತರು. ಅದು ನಾಟಕವಾಗಿರಲಿಲ್ಲ, ನನಗೆ ಗೊತ್ತು. ಸಿಟ್ಟು ಇಳಿಯದೇ ಇರುವುದಕ್ಕೆ ಅದೂ ಒಂದು ಕಾರಣ.

ಶ್ರಾವಣ ಶುಕ್ರವಾರದಂದು ಅರಿಶಿನ ಕುಂಕುಮಕ್ಕೆ ಕರೆದರೆಂದು ಚಿಕ್ಕಮ್ಮನ ಮನೆಗೆ ಒಬ್ಬಳೇ ಹೋಗಿದ್ದೆ. ತಾಂಬೂಲ ಕೊಡುತ್ತ ಅವರು, "ನಿಮ್ಮತ್ತಿಗೆ ಫೋನು ಈಗ ಸರಿಯಾಗಿದೆ ತಾನೇ?" ಎಂದು ಕೇಳಿದರು.

"ಅದಕ್ಕೇನಾಗಿತ್ತು ಚಿಕ್ಕಮ್ಮ?"

"ರಿಪೇರಿ ಮಾಡ್ಸಿದ್ಲಲ್ಲಮ್ಮ. ಅವತ್ತು ಶನಿವಾರ ಬೆಳಿಗ್ಗೆ ಅವಳೇ ಫೋನ್ ಮಾಡಿ ಹೇಳಿದ್ಲು, ಫೋನು ಸರಿಯಾಗಿ ರಿಂಗಾಗುತ್ತೋ ಇಲ್ವೋ ನೋಡ್ಬೇಕು, ಮೂರು ಗಂಟೆ ಮೇಲೆ ಆಗಾಗ ಮಾಡ್ತಾ ಇರಿ ಅಂತ. ನಾನೂ ಮಾಡ್ದೆ ಕಣಮ್ಮ."

ಚಿಕ್ಕಮ್ಮ ಸಾಧು ಹೆಂಗಸು. ತಾವೇನು ಹೇಳಿದೆವೆಂಬುದು ಅವರಿಗೆ ತಿಳಿಯಲೇ ಇಲ್ಲ. ನಾನು ಎಲೆ ಅಡಿಕೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಮನೆಯವರೆಗೆ ನಡೆದೇ ಬಂದೆ. ಮೊದಲು ಅಣ್ಣನನ್ನು ಕೇಳಿದೆ. "ನಂಗೂ ಹಂಗೇ ಹೇಳಿದ್ಲು" ಎಂದ. ಆಶ್ಚರ್ಯಪಡಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸಾರು ಬಡಿಸಿಕೊಂಡ. ಅವನಿಗೆ ಎಷ್ಟು ಗೊತ್ತಿತ್ತೆಂದು ನಾನು ಮುಂದೆಂದೂ ಕೇಳಲಿಲ್ಲ. ಉತ್ತರ ಕೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಶನಿವಾರ. ಅತ್ತಿಗೆ ಶಾಲೆಯಿಂದ ಬೇಗ ಬಂದು ಚಪಾತಿ ಹಿಟ್ಟು ಕಲಸುತ್ತಿದ್ದರು. ನಾನು ಚಿಕ್ಕಮ್ಮ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರ ಕೈ ಹಿಟ್ಟಿನೊಳಗೇ ನಿಂತಿತು. ಇಲ್ಲ ಎನ್ನಲಿಲ್ಲ.

"ನೀನು ಹೋಗ್ಬುಟ್ಟಿದ್ರೆ ನಾನು ಕೆಲಸ ಬಿಡ್ಬೇಕಾಗಿತ್ತು" ಎಂದರು. "ಮಗೂನ ಇನ್ಯಾರು ನೋಡ್ಕೊಳ್ತಿದ್ರು? ನಿಮ್ಮಣ್ಣ ಕೆಲಸ ಬಿಡು ಅಂತ ಆಗ್ಲೇ ಹೇಳಕ್ಕೆ ಶುರು ಮಾಡಿದ್ರು."

"ಅದನ್ನ ನಂಗೆ ಹೇಳ್ಬಹುದಿತ್ತಲ್ಲ ಅತ್ತಿಗೆ. ಹೋಗ್ಬೇಡ, ಇರು ಅಂತ ಒಂದೇ ಒಂದು ಮಾತು. ನಿಮಗೋಸ್ಕರ ಇದ್ದುಬುಡ್ತಿದ್ದೆ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಗೊತ್ತಿತ್ತು ಕಣೆ. ಅದಕ್ಕೇ ಕೇಳ್ಲಿಲ್ಲ" ಎಂದರು. "ಕೇಳಿದ್ರೆ ನೀನು ಇದ್ದೇ ಇರ್ತಿದ್ದೆ. ಆಮೇಲೆ ಇವಳು ನನ್ನಿಂದ ಬಿಟ್ಳು, ನನ್ನಿಂದ ಬಿಟ್ಳು ಅಂತ ಜೀವಮಾನವೆಲ್ಲ ನಿನ್ನ ಋಣ ಹೊತ್ಕೊಂಡಿರ್ಬೇಕಿತ್ತು. ನೆಟ್ ಸಿಗ್ಲಿಲ್ಲ ಅಂದ್ರೆ ಯಾರಿಗೆ ಯಾರ ಋಣ?"

ಪ್ಲೇ ಹೋಮ್ ಬಿಡುವ ಹೊತ್ತು, ಹನ್ನೆರಡೂವರೆಯಾಗುತ್ತ ಬಂದಿತ್ತು. ಅತ್ತಿಗೆ ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆದರೆ ತಾವು ಹೋಗುತ್ತೇನೆಂದು ಕೈ ತೊಳೆಯಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಮಗುವನ್ನು ಕರೆತರಲು ಹೊರಟೆ.