ಬೀಗ ಹಾಕಿದ ಬಾಲ್ಯ

ನಮ್ಮ ಮೇಲಿನ ಮನೆಯ ಆಡಿಟರಿಗೆ ಬಾಲ್ಯದ ಮೇಲೆ ಬಲು ಮಮತೆಯಂತೆ. ನನಗೇಕೋ ಮೊದಲಿನಿಂದಲೂ ಅನುಮಾನ. ಅವರು ಕೂಡಿಟ್ಟ ಆಟಿಕೆ ಕಾರುಗಳೆಲ್ಲ ಅಂಗಡಿಯಿಂದ ತಂದ ರಟ್ಟಿನ ಡಬ್ಬದಲ್ಲೇ ಇವೆ, ಗಾಜಿನ ಬೀರುವಿಗೆ ಬೀಗ, ಬೆಳಗೆದ್ದರೆ ಗಾಜಿನ ಮೇಲೆ ಬೆರಳಚ್ಚಿನ ತನಿಖೆ. ಮನೆಗೆ ಬಂದ ಮಕ್ಕಳನ್ನು ಕಳ್ಳರಂತೆ ನೋಡುತ್ತಾರೆ. “ಮುಟ್ಟಬೇಡ ಪುಟ್ಟಿ, ಅದು ಅಪ್ಪನ ಬಾಲ್ಯ!” ಎಂದು ಸ್ವಂತ ಮಗಳನ್ನೇ ಗದರುತ್ತಾರೆ. ಹಾಗಾದರೆ ಆ ಮಗುವಿನ ಬಾಲ್ಯ ಯಾರ ಬೀರುವಿನಲ್ಲಿದೆ, ಸ್ವಾಮಿ? ಮೊನ್ನೆ ಬೀಗ ಹಾಕಲು ಮರೆತಿದ್ದರು. ಪುಟ್ಟಿ ಡಬ್ಬ ಹರಿದು ಕಾರೊಂದನ್ನು ತೆಗೆದು ಅವರತ್ತ ಉರುಳಿಸಿ, “ಈಗ ನೀನು ಆಡಪ್ಪಾ” ಎಂದಳು. ಇನ್ನು ಸೂರು ಹಾರಿಹೋಗುತ್ತದೆ ಎಂದುಕೊಂಡೆ, ಅಲ್ಲೇ ಕೂತಿದ್ದ ನಾನು. ಅವರು ಕಾರನ್ನು ಅಂಗೈಯಲ್ಲಿ ಹಿಡಿದು ಮಗಳೆದುರು ನೆಲದ ಮೇಲೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: “ಇದನ್ನ ಹೇಗಮ್ಮಾ ಆಡೋದು? ಚಿಕ್ಕವನಿದ್ದಾಗ ನನ್ನ ಕೈಗೆ ಯಾರೂ ಕೊಟ್ಟೇ ಇರ್ಲಿಲ್ಲ.”