ಹೆಬ್ಬೆರಳಷ್ಟು ಜಾಗ

ಹೆಬ್ಬೆರಳಣ್ಣನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ಹತ್ತೊಂಬತ್ತು ವರ್ಷದಿಂದ ಒಂದೇ ಶೂ ಅಂಗಡಿಯಲ್ಲಿ ದುಡಿಯುತ್ತಿದ್ದೇವೆ. ಅವನು ಗಂಡಸರ ಮತ್ತು ಆಟದ ಶೂಗಳ ಕಡೆ, ನಾನು ಹೆಂಗಸರು ಮಕ್ಕಳ ಕಡೆ. ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ.

ಆ ಅಡ್ಡಹೆಸರು ಬಂದದ್ದು ಅವನ ಬಲಗೈ ಹೆಬ್ಬೆರಳಿನಿಂದ. ಗಿರಾಕಿಯ ಮುಂದೆ ಮಂಡಿಯೂರಿ, ಶೂ ತೊಡಿಸಿ, ಅದರ ತುದಿಯನ್ನು ಒತ್ತಿ ನೋಡುತ್ತಿದ್ದ. ಕಾಲ್ಬೆರಳಿನ ಮುಂದೆ ಒಂದು ಹೆಬ್ಬೆರಳಷ್ಟು ಜಾಗ ಇರಲೇಬೇಕು. ಇಲ್ಲದಿದ್ದರೆ ಗಿರಾಕಿ ತಲೆಕೆಳಗಾಗಿ ನಿಂತರೂ ಆ ಜೋಡಿ ಕೊಡುತ್ತಿರಲಿಲ್ಲ. "ನಾನು ಕೊಟ್ಟ ಶೂ ಕಚ್ಚಿತು ಅಂತ ಇವತ್ತಿನವರೆಗೆ ಒಬ್ಬರೂ ವಾಪಸ್ ಬಂದಿಲ್ಲ" ಎಂದು ದಿನಕ್ಕೆ ಮೂರು ಸಲ ಕೊಚ್ಚಿಕೊಳ್ಳುತ್ತಿದ್ದ. ಮದುವೆಯಿಲ್ಲ, ಅಕ್ಕನ ಮನೆಯ ಹೊರಗಿನ ಕೋಣೆಯಲ್ಲಿ ವಾಸ. ಆ ಹೆಬ್ಬೆರಳೇ ಅವನ ಹೆಂಡತಿ ಮಕ್ಕಳು ಎಂದು ನಾವು ಹೆಂಗಸರು ಆಡಿಕೊಳ್ಳುತ್ತಿದ್ದೆವು.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಮಗುವಿಗೆ ಅಳತೆಗೆ ಸರಿಯಾಗಿ ಕೂರುವ ಶೂ ಹಾಕಿದ್ದೆ. ಆ ಕಡೆಯಿಂದ ಬಂದವನೇ ಅದರ ಕಾಲಿನಿಂದ ಕಿತ್ತುಕೊಂಡ. "ಬೆಳೆಯೋ ಕಾಲು ಕಣಮ್ಮ ಇದು! ಅಷ್ಟೂ ತಿಳಿಯಲ್ವಾ?" ಗಿರಾಕಿಗಳ ಎದುರೇ! ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಕೆಲಸ ಬೇಕಿತ್ತು, ಬಾಯಿ ಮುಚ್ಚಿಕೊಂಡು ಅವನ ಲೆಕ್ಕವನ್ನೇ ಕಲಿತೆ. ಬೈಯುತ್ತಾ ಬೈಯುತ್ತಾ ಅದು ನನ್ನ ಕೈಗೂ ಅಂಟಿತು.

ನನ್ನ ಮಗಳಿಗೆ ಹದಿನಾರು ವರ್ಷ. ಸ್ಕೇಟ್‌ಬೋರ್ಡ್ ತಂಡಕ್ಕೆ ಶನಿವಾರ ಆಯ್ಕೆ ಇತ್ತು, ಎರಡು ವರ್ಷದಿಂದ ಅವಳಿಗೆ ಅದೊಂದೇ ಜಪ. ಗುರುವಾರ ಹಳೇ ಶೂ ಹಿಡಿದುಕೊಂಡು ಅಂಗಡಿಗೆ ಬಂದಳು. ಅಂಥ ಶೂ ಇದ್ದದ್ದು ಹೆಬ್ಬೆರಳಣ್ಣನ ಕಪಾಟಿನಲ್ಲಿ. ಇಬ್ಬರ ಜಗಳ ನೋಡುವ ಆಸೆಗೆ ನಾನೂ ಹೋಗಿ ನಿಂತೆ.

ಅವನು ಮೊದಲು ಓಟದ ಶೂ ತಂದ.

"ಇದು ಬೇಡ ಅಂಕಲ್. ಹಿಮ್ಮಡಿ ಎತ್ತರ, ಅಡಿ ಮೆತ್ತಗೆ. ಹಲಗೆ ಕಾಲಿಗೆ ತಿಳಿಯೋದೇ ಇಲ್ಲ. ಅಡಿ ಚಪ್ಪಟೆ ಇರಬೇಕು."

"ನೀನು ಹುಟ್ಟೋಕೆ ಮುಂಚೆಯಿಂದ ಶೂ ಮಾರ್ತಿದೀನಿ."

"ಮಾರಿದೀರ. ಹಾಕ್ಕೊಂಡು ಹಲಗೆ ಮೇಲೆ ಹಾರಿದೀರಾ?"

ಅವನ ಕಿವಿ ಕೆಂಪಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಅವನು ಕೂಗಾಡಲಿಲ್ಲ, ಹಳೇ ಶೂ ಎತ್ತಿಕೊಂಡು ತಿರುಗಿಸಿ ನೋಡಿದ. ಎಡಗಾಲಿನದಕ್ಕೆ ಕಿರುಬೆರಳ ಪಕ್ಕ ತೂತು. "ಇಲ್ಲೇ ಯಾಕೆ?" ಎಂದ. ಹಲಗೆಯ ಮೇಲೆ ಮರಳು ಕಾಗದದಂಥ ಹಾಳೆ ಅಂಟಿಸಿರುತ್ತಾರೆ, ಹಾರುವಾಗ ಪಾದದ ಪಕ್ಕ ಅದಕ್ಕೆ ಉಜ್ಜುತ್ತದೆ ಎಂದಳು. ಅವನು ಒಳಗೆ ಹೋಗಿ ಚಪ್ಪಟೆ ಅಡಿಯ, ಆ ಜಾಗದಲ್ಲಿ ಎರಡೆರಡು ಹೊಲಿಗೆ ಇರುವ ಜೋಡಿ ಹುಡುಕಿ ತಂದ. ಏಳನೇ ಸೈಜು. ಹೆಬ್ಬೆರಳು ಒತ್ತಿ ತಲೆಯಾಡಿಸಿದ.

"ಒಳಗೆ ಕಾಲು ಜಾರುತ್ತೆ ಅಂಕಲ್. ಹಾರಿ ಇಳಿಯುವಾಗ ಜಾರಿದ್ರೆ ಬೀಳ್ತೀನಿ. ಆರನೇ ಸೈಜು ಕೊಡಿ, ಬೆರಳು ತುದಿಗೆ ತಾಗೀ ತಾಗದ ಹಾಗಿರಬೇಕು."

ಇಷ್ಟು ವರ್ಷ ಕಾಣದ್ದನ್ನು ಅವತ್ತು ಕಂಡೆ. ಹೆಬ್ಬೆರಳಣ್ಣ ಎದ್ದು ಹೋಗಿ ಆರನೇ ಸೈಜು ತಂದ. ತುದಿ ಒತ್ತಲಿಲ್ಲ. "ಸರಿ ಇದೆಯಾ, ನೀನೇ ಹೇಳು" ಎಂದ. ಅವಳು ಅಲ್ಲೇ ಎಗರಿ ನೋಡಿ ನಕ್ಕು, ಬಿಚ್ಚಿ ಡಬ್ಬಕ್ಕೆ ಹಾಕಿದಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ಮಾತಿಗೆ ಕವಡೆ ಕಾಸಿನ ಬೆಲೆ ಕೊಡದವನು ಇವಳ ಮಾತು ಕೇಳುವುದೇ? ಅದೂ ಬೆಳೆಯುವ ಕಾಲು, ವರ್ಷ ತುಂಬುವ ಮೊದಲೇ ಚಿಕ್ಕದಾಗುತ್ತದೆ. ಅವರಿಬ್ಬರೂ ಹಲಗೆಯ ಮಾತಿನಲ್ಲಿ ಮುಳುಗಿದ್ದಾಗ ಡಬ್ಬದೊಳಗಿನ ಆರನೇ ಸೈಜು ತೆಗೆದು ಏಳನೆಯದು ಇಟ್ಟೆ. ಹೌದು, ನಾನೇ. ಶನಿವಾರ ಬೆಳಿಗ್ಗೆ ಹಾಕಿಕೊಂಡವಳು "ಸಡಿಲ ಆಗಿದೆಯಲ್ಲಮ್ಮ" ಎಂದಾಗಲೂ, "ಎರಡು ಜೊತೆ ಸಾಕ್ಸ್ ಹಾಕ್ಕೋ, ಹೊತ್ತಾಯ್ತು" ಎಂದೆ.

ಆಯ್ಕೆಯಲ್ಲಿ ಮೂರನೇ ಸಲ ಹಾರಿ ಇಳಿಯುವಾಗ ಶೂ ಒಳಗೆ ಕಾಲು ಜಾರಿತು. ಪಾದದ ಗಿಣ್ಣು ಮುರಿಯಿತು. ತಂಡಕ್ಕೆ ಬೇರೊಬ್ಬಳನ್ನು ಆರಿಸಿದರು.

ಮರುವಾರ ಊರುಗೋಲು ಊರಿಕೊಂಡು ಅಂಗಡಿಗೆ ಬಂದಳು. ನಾನು ತಡೆದರೂ ಕೇಳಲಿಲ್ಲ. ಚೀಲದಿಂದ ಆ ಶೂ ತೆಗೆದು ಹೆಬ್ಬೆರಳಣ್ಣನ ಮುಂದೆ ಎಸೆದಳು.

"ಇಲ್ಲಿ ಹಾಕಿ ನೋಡಿದಾಗ ಬಿಗಿ ಇತ್ತು! ನನ್ನೆದುರು ಹೂಂ ಅಂದು, ಹಿಂದಿನಿಂದ ದೊಡ್ಡದು ತುಂಬಿದ್ರಿ! ನಿಮ್ಮ ಹಾಳು ಹೆಬ್ಬೆರಳಿಗೆ ನನ್ನ ಎರಡು ವರ್ಷ ಹೋಯ್ತು!"

ಗಿರಾಕಿಗಳೆಲ್ಲ ತಿರುಗಿದರು. ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದರು.

ಹೆಬ್ಬೆರಳಣ್ಣ ಶೂ ಎತ್ತಿಕೊಂಡು ಲೇಸಿನಡಿಯ ನಾಲಿಗೆ ಮಡಚಿ ಒಳಗಿನ ನಂಬರು ನೋಡಿದ. ಏಳು. ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದ. ನಾನು ಕಪಾಟಿನ ಕಡೆ ತಿರುಗಿ ಡಬ್ಬ ಜೋಡಿಸತೊಡಗಿದೆ.

"ತಪ್ಪಾಯ್ತಮ್ಮ," ಎಂದ ಮಗಳಿಗೆ. "ಹಳೇ ಅಭ್ಯಾಸ."

ಮಾಲೀಕರು ಅವತ್ತೇ ಅವನನ್ನು ಗೋದಾಮಿಗೆ ಹಾಕಿದರು. ಇನ್ನು ಯಾರ ಕಾಲನ್ನೂ ಮುಟ್ಟುವ ಹಾಗಿಲ್ಲ. ಅವನ ಕಪಾಟೂ ಈಗ ನನ್ನದೇ. ಮನೆಯಲ್ಲಿ ಮಗಳು ಅವನ ಹೆಸರೆತ್ತಿ ಹಲ್ಲು ಕಡಿಯುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಅಂಗಡಿಯಲ್ಲಿ ನಾನು ಸೈಜು ಕೂಗಿದರೆ ಅವನು ಡಬ್ಬ ತಂದುಕೊಡುತ್ತಾನೆ. ಒಂದು ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ದರಿದ್ರದವನು ಬೈಯುವುದೂ ಇಲ್ಲ. ಕೈಗೆ ಕೊಡುವ ಮುಂಚೆ ಮುಚ್ಚಳ ತೆಗೆದು, ಶೂ ನಾಲಿಗೆ ಮಡಚಿ, ಒಳಗಿನ ನಂಬರನ್ನು ನನಗೆ ತೋರಿಸುತ್ತಾನೆ. ದಿನಕ್ಕೆ ನಲವತ್ತು ಸಲ ತೋರಿಸುತ್ತಾನೆ.